ಬಫಿ ಕೋಟ್ ಕೆಳಗೆ ಹುಡುಕಿದೆ, ಸಿಕ್ಕಿತು

"ಮಲೇರಿಯಾಗೆ ಕಾರ್ಡ್ ಟೆಸ್ಟ್ ಮಾಡ್ತಾ ಇದ್ದೀವಲ್ಲ, ಮತ್ತೆ ಯಾಕೆ ಈ ಸರ್ಕಸ್ಸು?" ದಾನಿಗಳ ರಕ್ತದಲ್ಲಿ ಮಲೇರಿಯಾ ಹುಡುಕಲು ನಾನು ಕ್ಯಾಪಿಲರಿ ಟ್ಯೂಬ್ (ಸಪೂರ ಗಾಜಿನ ಕೊಳವೆ) ಹಿಡಿದು ಕೂತಾಗ ರಕ್ತನಿಧಿಯ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ಕಾರ್ಡಿನಲ್ಲಿ ಗೆರೆ ಮೂಡಲು ಮೈಕ್ರೋಲೀಟರಿಗೆ ನೂರಿನ್ನೂರು ಪ್ಯಾರಸೈಟ್ (ಮಲೇರಿಯಾ ರೋಗಾಣು) ಆದರೂ ಬೇಕು. ನಮ್ಮ ದಾನಿಗಳು ಜ್ವರ ಇಲ್ಲದವರು, ಅವರಲ್ಲಿ ಅಷ್ಟು ಎಲ್ಲಿರುತ್ತೆ? ಇನ್ನು ಔಷಧಿ ಮುಗಿಸಿ ವಾರಗಳಾದವರಲ್ಲೂ ಎಚ್‌ಆರ್‌ಪಿ-2 (ಫಾಲ್ಸಿಪ್ಯಾರಂ ಎಂಬ ಬಗೆಯ ಮಲೇರಿಯಾ ರೋಗಾಣುವಿನ ಪ್ರೋಟೀನ್) ಗೆರೆ ಬರುತ್ತದೆ. ಅವರ ಬ್ಯಾಗನ್ನೂ ಚೆಲ್ಲಬೇಕು.

ಮೊದಲು ಸ್ಯಾಂಪಲ್ ಟ್ಯೂಬಿನ ರಕ್ತದಲ್ಲೇ ಥಿಕ್ ಸ್ಮಿಯರ್ (ಗಾಜಿನ ಮೇಲೆ ರಕ್ತದ ದಪ್ಪ ಲೇಪ; ಕೆಂಪು ಕಣ ಒಡೆದರೇ ರೋಗಾಣು ಕಾಣುವುದು) ಮಾಡಿದೆ. ಇಡಿಟಿಎ (ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಬೆರೆತ ರಕ್ತ ಗಾಜಿಗೆ ಸರಿಯಾಗಿ ಅಂಟಲ್ಲ. ತೊಳೆಯುವಾಗ ಅರ್ಧ ಸ್ಲೈಡು ಸಿಂಕಿಗೆ ಹೋಯಿತು. ರಾತ್ರಿಯಿಡೀ ಒಣಗಲು ಬಿಟ್ಟ ಮೇಲೆ ನಿಂತಿತು. ಒಮ್ಮೆ ಪಕ್ಕದ ಥಿನ್ ಸ್ಮಿಯರಿಗೆ (ತೆಳು ಲೇಪ) ಕಣ ಒಡೆಯದಂತೆ ಹಾಕಿದ ಮೆಥನಾಲ್ ತಾಗಿ ಮೂವತ್ತು ಸ್ಲೈಡು ದಂಡ. ಕೆಂಪು ಕಣ ಒಡೆಯಲೇ ಇಲ್ಲ.

ಆಮೇಲೆ ದಾರಿ ಬದಲಿಸಿದೆ. ರಕ್ತ ತುಂಬಿದ ಕ್ಯಾಪಿಲರಿ ಟ್ಯೂಬನ್ನು ಹಿಮಟೊಕ್ರಿಟ್ ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸಿ ರಕ್ತವನ್ನು ಪದರ ಮಾಡುವ ಯಂತ್ರ) ಐದು ನಿಮಿಷ ತಿರುಗಿಸಿ, ಬಫಿ ಕೋಟಿನ (ಕೆಂಪು ಕಣಗಳ ಮೇಲೆ ನಿಲ್ಲುವ ಬಿಳಿ ಕಣ, ಪ್ಲೇಟ್‌ಲೆಟ್‌ಗಳ ತೆಳು ಪದರ) ಸ್ವಲ್ಪ ಕೆಳಗೆ ಟ್ಯೂಬ್ ಮುರಿದು, ಆ ಹನಿಯಿಂದ ಸ್ಮಿಯರ್. ರೋಗಾಣು ಹೊಕ್ಕ ಕೆಂಪು ಕಣ ಸ್ವಲ್ಪ ಹಗುರ, ಅಲ್ಲೇ ಬಂದು ಸೇರುತ್ತದೆ. ಯಂತ್ರ ಮೊದಲೇ ಇತ್ತು. ಒಂದು ಕಾರ್ಡಿನ ದುಡ್ಡಿಗೆ ಹತ್ತಾರು ಟ್ಯೂಬ್ ಬರುತ್ತವೆ. ಹನಿ ತುಂಬಾ ಗಟ್ಟಿ, ಅದೇ ಟ್ಯೂಬಿನ ಪ್ಲಾಸ್ಮಾ ಬೆರೆಸಬೇಕು. ಎಷ್ಟು ಅಂತ ಹೇಳಲ್ಲ, ಅದಕ್ಕೆ ಮೂರು ತಿಂಗಳ ಕಣ್ಣುರಿ ಹೋಗಿದೆ.

ಶುರುವಿನಲ್ಲಿ ರೋಗಾಣು ಅಂದುಕೊಂಡಿದ್ದೆಲ್ಲ ಪ್ಲೇಟ್‌ಲೆಟ್! ಬಫಿ ಕೋಟಿನ ತುಂಬ ಅವೇ ಅಲ್ವಾ. ನಮ್ಮ ಹಿರಿಯ ಟೆಕ್ನೀಷಿಯನ್ "ಇವತ್ತೆಷ್ಟು ಮಲೇರಿಯಾ ಹಿಡಿದೆಯಪ್ಪಾ?" ಎಂದು ದಿನಾ ರೇಗಿಸುತ್ತಿದ್ದರು. ರೋಗಾಣುವಿನ ಕ್ರೊಮಾಟಿನ್ ಚುಕ್ಕೆ (ಕೆಂಪಗೆ ಕಾಣುವ ಕೇಂದ್ರ), ನೀಲಿ ಸೈಟೊಪ್ಲಾಸಂ (ಅದರ ಉಳಿದ ಮೈ) ಎರಡೂ ಕಾಣದೆ ಪಾಸಿಟಿವ್ ಎಂದು ಬರೆಯಬಾರದು ಎಂದು ಆಮೇಲೆ ಹಟ ಹಿಡಿದೆ.

ಈವರೆಗೆ ಎರಡು ಸಾವಿರದ ಹತ್ತಿರ ಬ್ಯಾಗ್ ನೋಡಿರಬಹುದು. ಕಾರ್ಡ್ ನೆಗೆಟಿವ್ ಎಂದ ನಾಲ್ಕರಲ್ಲಿ ಸಿಕ್ಕಿತು. ಮೂರು ವೈವಾಕ್ಸ್ (ಇನ್ನೊಂದು ಬಗೆಯ ಮಲೇರಿಯಾ), ಒಂದರಲ್ಲಿ ಬರೀ ಬಾಳೆಹಣ್ಣಿನ ಆಕಾರದ ಗ್ಯಾಮಿಟೊಸೈಟ್ (ಫಾಲ್ಸಿಪ್ಯಾರಂನ ಲೈಂಗಿಕ ಹಂತ). ನಾಲ್ಕೂ ಪಿಸಿಆರ್‌ನಲ್ಲಿ ಪಾಸಿಟಿವ್. ಫಾಲ್ಸಿಪ್ಯಾರಂ ರಿಂಗ್ (ಉಂಗುರದಂತಿರುವ ಎಳೆಯ ಹಂತ) ಮಾತ್ರ ಅಷ್ಟಾಗಿ ಮೇಲೆ ಬರಲ್ಲ, ತೂಕದಲ್ಲಿ ಮಾಮೂಲಿ ಕಣಕ್ಕೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಹಾಗಾಗಿ ಕಾರ್ಡನ್ನು ಬಿಟ್ಟಿಲ್ಲ.

ಕಾಸು ಉಳಿಸೋಣ ಎಂದು ಐದು ಸ್ಯಾಂಪಲ್ ಬೆರೆಸಿ ಒಂದೇ ಕಾರ್ಡಿಗೆ ಹಾಕಿಯೂ ನೋಡಿದೆ. ಗೊತ್ತಿದ್ದ ಮಂಕು ಪಾಸಿಟಿವ್ ಗೆರೆ ಮಾಯ. ಸುಮ್ನೆ ಕುತೂಹಲಕ್ಕೆ, ತಿರಸ್ಕರಿಸಿದ ಒಂದು ಬ್ಯಾಗಿನ ರಕ್ತವನ್ನು ಫ್ರಿಜ್ಜಿನಲ್ಲಿಟ್ಟು ದಿನಾ ಸ್ಲೈಡ್ ಮಾಡಿದೆ. ರೋಗಾಣುಗಳ ಆಕಾರ ಕೆಟ್ಟಿತ್ತು, ಆದರೂ ಹತ್ತನೇ ದಿನವೂ ಕಂಡವು. ಆ ಸ್ಲೈಡನ್ನು ನೋಡಿದ ಮೇಲೆ ಹಿರಿಯರು ರೇಗಿಸುವುದು ಬಿಟ್ಟು, ತಾವೇ ಟ್ಯೂಬ್ ಮುರಿಯಲು ಕೂತರು. ಮೊದಲ ದಿನವೇ ಬೆರಳು ಕುಯ್ದುಕೊಂಡರು.