ತಗಡಿನ ಮೇಲೆ ಮಳೆ ಸುರಿಯುವಾಗಲೂ ಕೇಳಿಸಬೇಕಲ್ಲ

ಕಾಳುಮೆಣಸಿಗೆ ರೋಗ ತಗಲದಂತೆ ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ, ನೀರಿನ ಮಿಶ್ರಣ) ತಯಾರಿಸುವುದು ಹೇಗೆ ಅಂತ ಮೂರು ನಿಮಿಷದ ವಿಡಿಯೋ ಮಾಡಿದ್ದೆ. ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಬೆಳೆಗಾರರಿಗಾಗಿ ನಾನು ಮತ್ತು ಇಬ್ಬರು ಗೆಳೆಯರು ಕಟ್ಟಿದ ಆ್ಯಪ್‌ಗೆ ಅದೇ ಮೊದಲನೆಯದು. ಮಡಿಕೇರಿಯ ರೂಮಿನಲ್ಲಿ ಕೂತು ವೈಫೈನಲ್ಲಿ ನೋಡಿದರೆ ತುಂಬಾ ಚೆನ್ನಾಗಿತ್ತು. 720ಪಿ, ಅಂದರೆ ಸ್ಪಷ್ಟವಾದ ಚಿತ್ರ, ಹಿನ್ನೆಲೆಯಲ್ಲಿ ಮೆಲ್ಲಗೆ ಕೊಳಲು. ಒಟ್ಟು 56 ಎಂಬಿ.

ಜೂನ್ ಮೊದಲ ವಾರ ಅದನ್ನೇ ಒಬ್ಬರು ಅಜ್ಜಿಯ ಮನೆ ಜಗಲಿಯಲ್ಲಿ ಕೂತು ನೋಡಿದೆ. ಜಗಲಿಗೆ ತಗಡಿನ ಮಾಡು. ಮಳೆ ಹಿಡಿದಿತ್ತು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಫೋನಿನಲ್ಲಿ ಚಾರ್ಜ್ ಕಮ್ಮಿ, ಅದಕ್ಕೇ ಬೆಳಕನ್ನು ಪೂರ್ತಿ ಇಳಿಸಿಟ್ಟಿದ್ದರು. ವಿಡಿಯೋ ಆರು ಸೆಕೆಂಡು ಓಡಿತು, ನಿಂತಿತು. ಮತ್ತೆ ನಾಲ್ಕು ಸೆಕೆಂಡು, ಮತ್ತೆ ನಿಂತಿತು. ಓಡಿದಾಗಲೂ ನನಗೆ ಕೇಳಿಸಿದ್ದು ಮಳೆ ಮಾತ್ರ.

ನೋಡಿದವರ ಅಭಿಪ್ರಾಯ ಅಳೆಯಲು 1ರಿಂದ 5ರವರೆಗೆ ಅಂಕ ಕೊಡಿಸುವುದು ಈ ಕೆಲಸದಲ್ಲಿ ಹಳೆಯ ಪದ್ಧತಿ. 1 ಅಂದರೆ ಕೆಟ್ಟದು, 5 ಅಂದರೆ ಅತ್ಯುತ್ತಮ. ನಾನೂ ಕೇಳಿದೆ, "ಅಜ್ಜಿ, ಐದರಲ್ಲಿ ಎಷ್ಟು ಕೊಡ್ತೀರಿ?"

"ಐದೇ ಕೊಡ್ತೇನೆ ಮಗ. ಇಷ್ಟು ಮಳೆಯಲ್ಲಿ ಬಂದಿದ್ದೀಯ, ಮೊದಲು ಕಾಫಿ ಕುಡಿ."

ಮನೆಗೆ ಬಂದವನಿಗೆ ಕಮ್ಮಿ ಅಂಕ ಕೊಡಲು ಇಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲಿನ ಮನೆಗಳಲ್ಲಿ ಅಂಕ ಕೇಳುವುದನ್ನೇ ಬಿಟ್ಟೆ. ಬದಲಿಗೆ, "ಸುಣ್ಣ ಎಷ್ಟು ಹಾಕಬೇಕು ಅಂತ ಹೇಳಿದ್ರು?" ಅಂತ ಕೇಳತೊಡಗಿದೆ. ಉತ್ತರ ಬಂದರೆ ಕೇಳಿಸಿದೆ, ಬರದಿದ್ದರೆ ಇಲ್ಲ. ಅಳೆಯಲು ಇದಕ್ಕಿಂತ ನಂಬುವಂಥದ್ದು ನನಗೆ ಬೇರೆ ಸಿಕ್ಕಿಲ್ಲ.

ಯುರೋಪಿನ ಸಂಶೋಧಕರ ಕ್ವಾಲಿನೆಟ್ ಅನ್ನುವ ಕೂಟ 2012ರಲ್ಲಿ ಬಳಕೆದಾರನ ಅನುಭವವನ್ನು ರೂಪಿಸುವ ಸಂಗತಿಗಳನ್ನು ಮೂರು ಗುಂಪು ಮಾಡಿತ್ತು: ನೋಡುವ ಮನುಷ್ಯ, ಯಂತ್ರ ಮತ್ತು ನೆಟ್‌ವರ್ಕ್, ನೋಡುವ ಸನ್ನಿವೇಶ. ನಾನು ನಡುವಿನದಕ್ಕೆ ಮಾತ್ರ ದುಡಿದಿದ್ದೆ. ತಗಡಿನ ಮಾಡು ಮೂರನೆಯದರಲ್ಲಿತ್ತು.

ಜಾಸ್ತಿ ದಿನ ಹಿಡಿದದ್ದು ಧ್ವನಿಯ ಕೆಲಸ. ಫೋನಿನ ಪುಟ್ಟ ಸ್ಪೀಕರ್‌ನಿಂದ ತಗ್ಗಿನ ಸ್ವರ ಹೇಗೂ ಹೊರಗೆ ಬರುವುದಿಲ್ಲ. ಅದನ್ನು ಉಳಿಸಿಕೊಂಡು ಪ್ರಯೋಜನವಿಲ್ಲ ಅಂತ 200 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿದೆ. ಕ, ತ, ಸ ಇಂಥ ವ್ಯಂಜನಗಳು ಬಿಡಿಸಿ ಕೇಳಬೇಕಾದರೆ 2,000ದಿಂದ 4,000 ಹರ್ಟ್ಜ್ ಭಾಗ ತುಂಬಾ ಮುಖ್ಯ. ಅಲ್ಲಿ ಸ್ವಲ್ಪ ಏರಿಸಿದೆ. ಮೆಲ್ಲಗೆ ಆಡಿದ ಮಾತನ್ನೂ ಜೋರು ಮಾತನ್ನೂ ಒಂದೇ ಮಟ್ಟಕ್ಕೆ ತಂದೆ. ಕೊಳಲನ್ನು ತೆಗೆದೆ. ರೂಮಿನಲ್ಲಿ ಕೇಳಿದರೆ ಧ್ವನಿ ಸ್ವಲ್ಪ ಒರಟು ಅನ್ನಿಸುತ್ತದೆ. ಆದರೆ ಜಗಲಿಯಲ್ಲಿ "ಒಂದು ಕೆಜಿ" ಅನ್ನುವುದು ಒಂದು ಕೆಜಿ ಅಂತಲೇ ಕೇಳಿಸಿತು.

ನಿಂತು ನಿಂತು ಓಡುವುದಕ್ಕೆ ಕಾರಣ ಸರಳ. ಪ್ಲೇಯರ್ ಮುಂದಿನ ತುಣುಕುಗಳನ್ನು ತಂದು ಕೂಡಿಟ್ಟುಕೊಳ್ಳುತ್ತದೆ, ಆ ದಾಸ್ತಾನು ಖಾಲಿಯಾದರೆ ಚಿತ್ರ ನಿಲ್ಲುತ್ತದೆ. ನಮ್ಮದು 2 ಸೆಕೆಂಡಿನಷ್ಟು ಸಿಕ್ಕಿದ ಕೂಡಲೇ ಓಡಲು ಶುರುಮಾಡುತ್ತಿತ್ತು. ಅದನ್ನು 15ಕ್ಕೆ ಏರಿಸಿದೆ. ಶುರುವಿನಲ್ಲಿ ಕಾಯುವುದನ್ನು ಜನ ಸಹಿಸುತ್ತಾರೆ, ನಡುವೆ ಮಾತು ತುಂಡಾಗುವುದನ್ನು ಸಹಿಸುವುದಿಲ್ಲ. ಸಂಶೋಧನೆಗಳೂ ಇದನ್ನೇ ಹೇಳಿವೆ. ಚಿತ್ರವನ್ನು 240ಪಿಗೆ ಇಳಿಸಿದಾಗ ಮೂರು ನಿಮಿಷ 8 ಎಂಬಿಗೆ ಬಂತು. ಬರೀ ಧ್ವನಿಯನ್ನು 32 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 32 ಕಿಲೋಬಿಟ್) ಬೇರೆಯಾಗಿ ಕೊಟ್ಟೆ. ಅದು 1 ಎಂಬಿಯೂ ಇಲ್ಲ. ಸಿಗ್ನಲ್ ಸಿಕ್ಕಾಗ ಇಳಿಸಿಟ್ಟುಕೊಂಡರೆ ತೋಟದಲ್ಲಿ ನೆಟ್ ಬೇಕಿಲ್ಲ.

ಇನ್ನೊಂದು ತೊಂದರೆ ತುಟಿಯದು. ಕೆಲವರು ಬ್ಲೂಟೂತ್ ಸ್ಪೀಕರ್ ಹಾಕಿಕೊಂಡರು, ಮಾತು ತುಟಿಗಿಂತ ಹಿಂದೆ ಬಿತ್ತು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೂ 125 ಹಿಂದಾದರೂ ನೋಡುವವರಿಗೆ ಗೊತ್ತಾಗುತ್ತದೆ. ಮುಖವನ್ನೇ ತೆಗೆದು, ಬರೀ ಕೈಗಳನ್ನೂ ದ್ರಾವಣ ಕಲಕುವ ಡ್ರಮ್ಮನ್ನೂ ಚಿತ್ರಿಸಿ ಮೇಲೆ ಮಾತು ಸೇರಿಸಿದೆ. ಇದರಿಂದ ಇನ್ನೊಂದು ಅನುಕೂಲವಾಯಿತು. ಅದೇ ಚಿತ್ರಕ್ಕೆ ಕೊಡವ ತಕ್ಕಿನಲ್ಲೂ ಅರೆಭಾಷೆಯಲ್ಲೂ ಮಾತು ಹಾಕಿಸಿದೆವು. ಅವರವರ ಮನೆಮಾತಿನಲ್ಲಿ ಕೇಳಿದವರು ಕೊನೆಯವರೆಗೂ ಕೇಳಿದರು.

ಒದ್ದೆ ಬೆರಳಿನ ಸಮಸ್ಯೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಟಚ್ ಸ್ಕ್ರೀನ್ ಮೇಲೆ ನೀರು ಬಿದ್ದರೆ ಫೋನಿಗೆ ಬೆರಳು ಎಲ್ಲಿದೆ ಅಂತ ತಿಳಿಯುವುದಿಲ್ಲ. ಸದ್ಯಕ್ಕೆ ಪರದೆಯ ಕೆಳಗಿನ ಅರ್ಧವನ್ನೇ 'ನಿಲ್ಲಿಸು' ಬಟನ್ ಮಾಡಿದ್ದೇನೆ.

ಮಾರನೆಯ ವರ್ಷ ಮೇ ಕೊನೆಯಲ್ಲಿ ಅದೇ ಅಜ್ಜಿಯ ತೋಟಕ್ಕೆ ಹೋದೆ. ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಫೋನನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ನೇತುಹಾಕಿದ್ದರು. 50 ಲೀಟರ್ ನೀರಿನಲ್ಲಿ ಒಂದು ಕೆಜಿ ಮೈಲುತುತ್ತು, ಇನ್ನೊಂದು 50 ಲೀಟರ್‌ನಲ್ಲಿ ಒಂದು ಕೆಜಿ ಸುಣ್ಣ. ಅಜ್ಜಿಯ ಸೊಸೆ ಡ್ರಮ್ ಮುಂದೆ ನಿಂತು ಮೊಣಕೈಯಿಂದ ಪರದೆ ಒತ್ತಿ ನಿಲ್ಲಿಸಿದರು.

"ಅಣ್ಣ, ಯಾವುದನ್ನು ಯಾವುದಕ್ಕೆ ಹಾಕುವುದು ಅನ್ನುವಾಗ ಬೇಗ ಹೇಳಿಬಿಡ್ತೀರಿ. ಅಷ್ಟರಲ್ಲಿ ನಾನು ಕೊಡ ಎತ್ತಿರ್ತೇನೆ."

ಸಂಜೆಯೇ ಆ ಸಾಲನ್ನು ಮತ್ತೆ ರೆಕಾರ್ಡ್ ಮಾಡಿದೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಿ, ಕಲಕುತ್ತಾ ಇರಿ. ನಾಲ್ಕು ಸೆಕೆಂಡು ಬಿಟ್ಟು ಅದೇ ಮಾತು ಇನ್ನೊಮ್ಮೆ.