ಪಂಚಾಂಗ ನೋಡಿ ಇಂಗ್ಲೆಂಡಿನ ಕಡಲತೀರ ಸುತ್ತಿದ್ದು

ಇಂಗ್ಲೆಂಡಿನ ಬೀಚ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಕಾರ್ನ್‌ವಾಲ್, ಬ್ರೈಟನ್. ನಾವಿರುವುದು ಲೀಡ್ಸ್‌ನಲ್ಲಿ. ಇಲ್ಲಿಂದ ಕಾರ್ನ್‌ವಾಲ್‌ಗೆ ಹೊರಟರೆ ಒಂದಿಡೀ ದಿನ ಕಾರಲ್ಲೇ ಕಳೆದುಹೋಗುತ್ತದೆ. ನಾರ್ತಂಬರ್‌ಲ್ಯಾಂಡ್‌ಗಾದರೆ ಎ1 ರಸ್ತೆ ಹಿಡಿದು ಉತ್ತರಕ್ಕೆ ಸುಮಾರು ಮೂರು ಗಂಟೆ. ಊರಿಂದ ಅಪ್ಪ, ಅಮ್ಮ ಬಂದಿದ್ದರು. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಹಳೇ ಕೋಟೆ, ಗುಡಿ, ಶಾಸನ ಅಂದರೆ ಪ್ರಾಣ. ಮಗಳಿಗೆ ಮರಳು, ಹಕ್ಕಿ. ನಮ್ಮನೆಯವರಿಗೆ ಮೀನು. ಇಷ್ಟನ್ನೂ ಒಂದು ವಾರದಲ್ಲಿ ತುರುಕಬೇಕಿತ್ತು.

ನಾರ್ತಂಬರ್‌ಲ್ಯಾಂಡ್ ಕರಾವಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಗಲವಾದ ಮರಳಿನ ತೀರಗಳು, ಅವುಗಳ ಪಕ್ಕದಲ್ಲೇ ಕೋಟೆಗಳು. ಇದು ಸುಮ್ನೆ ಆಗಿದ್ದಲ್ಲ. ನೆಲದಡಿ ವಿನ್ ಸಿಲ್ ಅನ್ನುವ ಗಟ್ಟಿ ಕಪ್ಪು ಬಂಡೆಯ ಹಾಸು ಹಾದುಹೋಗಿದೆ. ಅದು ಎಲ್ಲಿ ತಲೆಯೆತ್ತಿದೆಯೋ ಅಲ್ಲಿ ಯಾರಾದರೂ ಕೋಟೆ ಕಟ್ಟಿದ್ದಾರೆ. ಬ್ಯಾಮ್‌ಬರೋ ಕೋಟೆ, ಡನ್‌ಸ್ಟನ್‌ಬರೋ ಕೋಟೆ, ಲಿಂಡಿಸ್‌ಫಾರ್ನ್ ಕೋಟೆ ಮೂರೂ ಆ ಬಂಡೆಯ ಮೇಲೇ ಕೂತಿವೆ. ಸಮುದ್ರದೊಳಗಿನ ಫಾರ್ನ್ ದ್ವೀಪಗಳೂ ಅದೇ ಬಂಡೆ.

ನೋಡಬೇಕಾದ ಜಾಗಗಳ ಪಟ್ಟಿ ಮಾಡುವುದು ಸುಲಭ, ಅದು ಎಲ್ಲ ಕಡೆ ಸಿಗುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಎಲ್ಲಿಗೆ ಅನ್ನುವುದೇ ತಲೆನೋವು. ಈ ಕರಾವಳಿಯಲ್ಲಿ ಅದನ್ನು ತೀರ್ಮಾನಿಸುವುದು ನಾವಲ್ಲ, ಸಮುದ್ರ. ಹಾಗಾಗಿ ನಾನು ಕಾಟೇಜ್ ಹುಡುಕುವ ಮೊದಲೇ ಉಬ್ಬರವಿಳಿತದ ಪಟ್ಟಿ ತೆಗೆದು ಕೂತೆ.

ಕಾರಣ ಲಿಂಡಿಸ್‌ಫಾರ್ನ್. ಅಲ್ಲಿನವರು ಹೋಲಿ ಐಲೆಂಡ್ ಅನ್ನುತ್ತಾರೆ. ದಿನಕ್ಕೆ ಎರಡು ಸಲ ದ್ವೀಪವಾಗುತ್ತದೆ, ಎರಡು ಸಲ ದಡಕ್ಕೆ ಅಂಟಿಕೊಳ್ಳುತ್ತದೆ. ದಡದಿಂದ ಟಾರು ರಸ್ತೆಯೇನೋ ಇದೆ, ಆದರೆ ಉಬ್ಬರ ಬಂದಾಗ ಅದು ನೀರಿನಡಿ. ಪ್ರತಿ ಸಲ ಮುಚ್ಚಿದಾಗಲೂ ಹೆಚ್ಚುಕಮ್ಮಿ ಐದು ಗಂಟೆ ದಾಟುವ ಹಾಗಿಲ್ಲ. ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಸುರಕ್ಷಿತವಾಗಿ ದಾಟುವ ಸಮಯವನ್ನು ಮುಂಚೆಯೇ ದಿನದಿನಕ್ಕೂ ಪ್ರಕಟಿಸುತ್ತದೆ. ರಸ್ತೆಯ ಬಾಯಲ್ಲೂ ಬೋರ್ಡ್ ಇದೆ. ಇಷ್ಟಿದ್ದೂ ಪ್ರತಿವರ್ಷ ಕೆಲವರು 'ಇನ್ನೂ ನೀರು ಬಂದಿಲ್ವಲ್ಲ' ಅಂತ ನುಗ್ಗಿ ಕಾರು ಮುಳುಗಿಸಿಕೊಳ್ಳುತ್ತಾರೆ. ದಾರಿಯಲ್ಲಿ ಎತ್ತರದ ಕಂಬಗಳ ಮೇಲೆ ಒಂದು ಬಿಳಿ ಗೂಡು ಸಿಗುತ್ತದೆ. ಸಿಕ್ಕಿಹಾಕಿಕೊಂಡವರು ಏಣಿ ಹತ್ತಿ ಕೂರಲಿ ಅಂತಲೇ ಕಟ್ಟಿದ್ದು. ಅದನ್ನು ತೋರಿಸಿದಾಗ ಅಮ್ಮ, "ಇಂಥಾ ಕಡೆಗೆ ಯಾಕೇ ಕರ್ಕೊಂಡು ಬಂದೆ?" ಅಂದರು.

ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದ ಅಪ್ಪ ಒಂದು ವಿಷಯ ಹಿಡಿದರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅದು ಗೊತ್ತಿರುವುದೇ. ಆದರೆ ಒಂದು ಜಾಗದಲ್ಲಿ ಚಂದ್ರ ಒಂದೇ ಹಂತದಲ್ಲಿದ್ದಾಗ ಉಬ್ಬರವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ. ಹೋಲಿ ಐಲೆಂಡ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ರಸ್ತೆ ಮಧ್ಯಾಹ್ನದಿಂದ ಸಂಜೆಯವರೆಗೆ ನೀರಲ್ಲಿ. ಅಷ್ಟಮಿ, ನವಮಿ ಹೊತ್ತಿಗೆ ಬೆಳಿಗ್ಗೆ ಮುಳುಗಿ ಮಧ್ಯಾಹ್ನದ ಹೊತ್ತಿಗೆ ತೆರೆದುಕೊಳ್ಳುತ್ತದೆ, ಆಮೇಲೆ ಸಂಜೆಯವರೆಗೆ ಆರಾಮ. ಆ ದಿನಗಳಲ್ಲಿ ಉಬ್ಬರದ ಜೋರೂ ಕಡಿಮೆ. ಅಪ್ಪ ಊರಿಂದ ತಂದಿದ್ದ ಪಂಚಾಂಗ ಬಿಚ್ಚಿ, "ಅಷ್ಟಮಿ ಬರೋ ವಾರ ನೋಡಮ್ಮ" ಅಂದರು. ಅಮ್ಮನಿಗೆ ಅಷ್ಟಮಿ, ನವಮಿಯಲ್ಲಿ ಪ್ರಯಾಣ ಅಂದರೆ ಇಷ್ಟವಿಲ್ಲ. ಶನಿವಾರ ಮನೆ ಬಿಟ್ಟರೆ ಹೊರಡುವ ದಿನ ಸಪ್ತಮಿಯೇ ಆಗುತ್ತದೆ ಅಂತ ಸಮಾಧಾನ ಮಾಡಿದೆವು. ಒಂದು ಮಾತು: ಪಂಚಾಂಗ ವಾರ ಆರಿಸಲು ಮಾತ್ರ. ಗಂಟೆ, ನಿಮಿಷಕ್ಕೆ ಕೌನ್ಸಿಲ್ ಪಟ್ಟಿಯೇ ಪ್ರಮಾಣ. ಅದರಲ್ಲೂ ವಾಪಸ್ ಹೊರಡುವ ಕೊನೇ ಸಮಯಕ್ಕಿಂತ ಒಂದು ಗಂಟೆ ಮೊದಲೇ ನಾವು ರಸ್ತೆ ದಾಟಿದ್ದೆವು.

ಇನ್ನೊಂದು ಹಗ್ಗ ಪಫಿನ್ ಹಕ್ಕಿಯ ಕೈಯಲ್ಲಿತ್ತು. ಕಿತ್ತಳೆ ಕೊಕ್ಕಿನ ಈ ಹಕ್ಕಿಗಳು ಫಾರ್ನ್ ದ್ವೀಪಗಳಿಗೆ ಮರಿ ಮಾಡಲು ಬರುವುದು ಏಪ್ರಿಲ್‌ನಲ್ಲಿ. ಜುಲೈ ಕೊನೆಗೆ ಖಾಲಿ. ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಶುರುವಾಗುವುದೂ ಜುಲೈ ಕೊನೆಗೇ! ಅಂದರೆ ಮಕ್ಕಳಿಗೆ ರಜೆ ಸಿಗುವಾಗ ಹಕ್ಕಿ ಇರುವುದಿಲ್ಲ. ಉಳಿದದ್ದು ಮೇ ಕೊನೆಯ ಹಾಫ್ ಟರ್ಮ್, ಅಂದರೆ ಶಾಲೆಗಳಿಗೆ ನಡುವೆ ಸಿಗುವ ಒಂದು ವಾರದ ರಜೆ. ಬಾಡಿಗೆ ಆಗಸ್ಟ್‌ನಷ್ಟು ಏರಿರುವುದಿಲ್ಲ, ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ. ಆದರೆ ನೀರು ಮಾತ್ರ 10 ಡಿಗ್ರಿ ಆಸುಪಾಸು. ಈಜುವ ಆಸೆ ಇದ್ದವರು ಆಗಸ್ಟ್‌ನಲ್ಲೇ ಹೋಗಲಿ. ಆಗಲೂ ನಮ್ಮ ಮಲ್ಪೆ, ಮರವಂತೆಯ ನೀರಿನ ಲೆಕ್ಕ ಇಟ್ಟುಕೊಂಡು ಕಾಲಿಡಬೇಡಿ.

ಕಾಟೇಜ್ ಹಿಡಿದದ್ದು ಸೀಹೌಸಸ್‌ನಲ್ಲಿ. ಬ್ಯಾಮ್‌ಬರೋ ಊರು ಚೆಂದ, ಆದರೆ ಅಲ್ಲಿ ಬಾಡಿಗೆ ಜಾಸ್ತಿ. ಸೀಹೌಸಸ್ ಸ್ವಲ್ಪ ಗಜಿಬಿಜಿ, ಐಸ್‌ಕ್ರೀಂ ಅಂಗಡಿ, ಚಿಪ್ಸ್ ವಾಸನೆ. ಆದರೆ ದೋಣಿ ಹೊರಡುವುದು ಅಲ್ಲಿಂದಲೇ, ಬ್ಯಾಮ್‌ಬರೋ ಕಾರಲ್ಲಿ ಹತ್ತು ನಿಮಿಷದ ದಾರಿ. ಇಲ್ಲಿನ ಹಳೇ ಮೀನುಗಾರರ ಮನೆಗಳ ಫೋಟೋ ನೋಡಿ ಮರುಳಾಗಬೇಡಿ. ಕಿರಿದಾದ, ಕಡಿದಾದ ಮೆಟ್ಟಿಲು, ಬಾತ್‌ರೂಮ್ ಮೇಲ್ಗಡೆ. ವಯಸ್ಸಾದವರಿದ್ದರೆ ಮಲಗುವ ಕೋಣೆ, ಬಾತ್‌ರೂಮ್ ಎರಡೂ ಕೆಳಗೇ ಇವೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಸಮುದ್ರ ಕಾಣುವ ಕಿಟಕಿಗಿಂತ ಅದು ಮುಖ್ಯ. ನಾವು ಚಿಕ್ಕ ಕುಕ್ಕರ್, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹಿಡಿದುಕೊಂಡೇ ಹೋಗಿದ್ದೆವು.

ಊಟದ ಮಾತು ಬಂದಿದ್ದಕ್ಕೆ ಸಸ್ಯಾಹಾರಿಗಳಿಗೆ ಒಂದು ಮುಖ್ಯ ವಿಷಯ. ಉತ್ತರ ಇಂಗ್ಲೆಂಡಿನ ಅನೇಕ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಬೋರ್ಡಿನಲ್ಲಿ 'ಬೀಫ್ ಡ್ರಿಪ್ಪಿಂಗ್' ಅಂತ ಹೆಮ್ಮೆಯಿಂದ ಬರೆದಿರುತ್ತಾರೆ, ಅಥವಾ ಬರೆದೇ ಇರುವುದಿಲ್ಲ. ಯಾವ ಎಣ್ಣೆ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದೋಣಿಯ ವಿಚಾರದಲ್ಲಿ ಎರಡು ಲೆಕ್ಕ ಹಾಕಿದೆ. ಮೊದಲನೆಯದು, ವಾರದ ಆರಂಭದಲ್ಲೇ ಬುಕ್ ಮಾಡುವುದು. ಅಲೆ ಜೋರಿದ್ದರೆ ದೋಣಿ ಹೊರಡುವುದಿಲ್ಲ, ಹೊರಟರೂ ದ್ವೀಪದಲ್ಲಿ ಇಳಿಸುವುದಿಲ್ಲ. ಮುಂದೆ ದಿನ ಉಳಿದಿದ್ದರೆ ಮತ್ತೆ ಪ್ರಯತ್ನಿಸಬಹುದು. ಎರಡನೆಯದು ಮತ್ತೆ ಉಬ್ಬರವೇ. ಬಂದರಿನಲ್ಲಿ ಕಲ್ಲಿನ ಮೆಟ್ಟಿಲು ಇಳಿದು ದೋಣಿ ಹತ್ತಬೇಕು. ಇಳಿತದಲ್ಲಿ ದೋಣಿ ಕೆಳಗೆ ಕೂತಿರುತ್ತದೆ, ಪಾಚಿ ಹಿಡಿದ ಮೆಟ್ಟಿಲು ಜಾಸ್ತಿ. ಉಬ್ಬರದಲ್ಲಿ ದೋಣಿ ಮೇಲೆ ಬಂದಿರುತ್ತದೆ. ಅಷ್ಟಮಿ ವಾರದಲ್ಲಿ ಉಬ್ಬರ ಬೆಳಿಗ್ಗೆ ಅಲ್ವಾ? ಹಾಗಾಗಿ ಬೆಳಗಿನ ದೋಣಿ ಹಿಡಿದೆವು. ಅಮ್ಮ ಒಬ್ಬರ ಕೈ ಹಿಡಿದುಕೊಂಡು ಕೆಲವೇ ಮೆಟ್ಟಿಲಲ್ಲಿ ಇಳಿದುಬಿಟ್ಟರು.

ಫಾರ್ನ್ ದ್ವೀಪಗಳಲ್ಲಿ ಒಂದಾದ ಇನ್ನರ್ ಫಾರ್ನ್‌ನಲ್ಲಿ ಇಳಿಯಲು ದೋಣಿ ಟಿಕೆಟ್ ಬೇರೆ, ಅದನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಶುಲ್ಕ ಬೇರೆ. ಟೋಪಿ ಕಡ್ಡಾಯ ಅಂದುಕೊಳ್ಳಿ. ಅಲ್ಲಿ ಆರ್ಕ್‌ಟಿಕ್ ಟರ್ನ್ ಅನ್ನುವ ಹಕ್ಕಿಗಳು ನಡೆಯುವ ದಾರಿಯ ಅಂಚಿನಲ್ಲೇ ಮೊಟ್ಟೆ ಇಡುತ್ತವೆ. ಪ್ರತಿವರ್ಷ ಅಂಟಾರ್ಕ್‌ಟಿಕಾ ಕಡೆಗೆ ಹೋಗಿ ಮರಳುವ ಹಕ್ಕಿ ಇದು. ನಮ್ಮ ತಲೆ ಕಂಡರೆ ಆಗುವುದಿಲ್ಲ. ಕಿರ್ರ್ ಅಂತ ಕೂಗುತ್ತಾ ನೇರ ನೆತ್ತಿಗೇ ಎರಗಿ ಕುಕ್ಕುತ್ತವೆ. ಅಪ್ಪನ ಮಂಕಿ ಕ್ಯಾಪ್ ಅಂದು ಸಾರ್ಥಕವಾಯಿತು. ಪಫಿನ್‌ಗಳದ್ದು ಬೇರೆಯೇ ಗಡಿಬಿಡಿ. ಕೊಕ್ಕಿನ ಎರಡೂ ಬದಿಗೆ ಬೆಳ್ಳಗಿನ ಸಣ್ಣ ಮೀನು ಸಾಲಾಗಿ ನೇತಾಡಿಸಿಕೊಂಡು ಬಂದು ಇಳಿಯುತ್ತವೆ, ಗಲ್ ಹಕ್ಕಿ ಕಿತ್ತುಕೊಳ್ಳುವ ಮೊದಲೇ ಬಿಲದೊಳಗೆ ಓಡಿಬಿಡುತ್ತವೆ. ಮಗಳು ಅಲ್ಲಿಂದ ಕದಲಲಿಲ್ಲ.

ಬ್ಯಾಮ್‌ಬರೋ ಕೋಟೆ ಖಾಸಗಿ ಆಸ್ತಿ. ನ್ಯಾಷನಲ್ ಟ್ರಸ್ಟ್, ಹಳೇ ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್, ಯಾವುದರ ಸದಸ್ಯತ್ವದ ಕಾರ್ಡೂ ನಡೆಯುವುದಿಲ್ಲ. ಈಗ ಒಳಗೆ ಕಾಣುವುದರಲ್ಲಿ ಬಹುಪಾಲು ಕೈಗಾರಿಕೋದ್ಯಮಿ ಆರ್ಮ್‌ಸ್ಟ್ರಾಂಗ್ 1894ರಲ್ಲಿ ಕೊಂಡ ಮೇಲೆ ಮಾಡಿಸಿದ್ದು. ನನ್ನ ಮಟ್ಟಿಗೆ ಆ ಕೋಟೆ ಹೊರಗಿಂದ, ಬೀಚಿನಿಂದಲೇ ಚೆಂದ. ಇಳಿತದ ಹೊತ್ತಿಗೆ ಹೋದರೆ ನೀರಿನಂಚಿನ ಮರಳು ಗಟ್ಟಿಯಾಗಿರುತ್ತದೆ, ಮಂಡಿನೋವಿನವರಿಗೂ ನಡೆಯಲು ಸುಲಭ. ಕಷ್ಟ ಇರುವುದು ರಸ್ತೆಯಿಂದ ಅಲ್ಲಿಗೆ ಇಳಿಯುವ ಮರಳು ದಿಬ್ಬದಲ್ಲಿ. ಇಲ್ಲಿನವರು ವಿಂಡ್‌ಬ್ರೇಕ್ ಅಂತ ಒಂದು ಉದ್ದ ಬಟ್ಟೆ ತರುತ್ತಾರೆ. ಐದಾರು ಕಡ್ಡಿ ಇರುತ್ತವೆ, ಮರಳಿಗೆ ಹೊಡೆದು ಅರ್ಧಚಂದ್ರ ಮಾಡಿ ಅದರೊಳಗೆ ಕೂರುವುದು. ನಾವೂ ಒಂದು ಕೊಂಡೆವು. ಮೇ ತಿಂಗಳ ಗಾಳಿಯಲ್ಲಿ ಅದಿಲ್ಲದೆ ಫ್ಲಾಸ್ಕಿನ ಕಾಫಿ ಕುಡಿಯುವುದೂ ಕಷ್ಟ.

ಅದೇ ಊರಿನಲ್ಲಿ ಪುಕ್ಕಟೆ ಒಂದು ಚಿಕ್ಕ ಮ್ಯೂಸಿಯಂ ಇದೆ, ಗ್ರೇಸ್ ಡಾರ್ಲಿಂಗ್‌ದು. 1838ರ ಸೆಪ್ಟೆಂಬರ್‌ನಲ್ಲಿ ಫಾರ್ಫರ್‌ಶೈರ್ ಅನ್ನುವ ಹಡಗು ಬಂಡೆಗೆ ಬಡಿದು ಒಡೆದಾಗ, ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರ ಮತ್ತು ಅವನ 22 ವರ್ಷದ ಮಗಳು ಗ್ರೇಸ್ ಬಿರುಗಾಳಿಯಲ್ಲೇ ಹುಟ್ಟು ಹಾಕಿಕೊಂಡು ಹೋದರು. ಎರಡು ಸಲ ಹೋಗಿಬಂದ ಆ ದೋಣಿಯಲ್ಲಿ ಒಟ್ಟು ಒಂಬತ್ತು ಜನ ಉಳಿದರು. ದೋಣಿ ಮ್ಯೂಸಿಯಂನಲ್ಲೇ ಇದೆ. ಅಷ್ಟು ಚಿಕ್ಕದು ಅಂತ ನಾನು ಅಂದುಕೊಂಡಿರಲಿಲ್ಲ. ನಾಲ್ಕೇ ವರ್ಷಕ್ಕೆ ಗ್ರೇಸ್ ಕ್ಷಯದಿಂದ ತೀರಿಕೊಂಡಳು. ಅಮ್ಮನಿಗೆ ವಾರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಡನ್‌ಸ್ಟನ್‌ಬರೋಗೆ ನಾನು, ಅಪ್ಪ, ಮಗಳು ಮಾತ್ರ ಹೋದೆವು. ಕ್ರಾಸ್ಟರ್ ಹಳ್ಳಿಯಲ್ಲಿ ಕಾರು ನಿಲ್ಲಿಸಿ ಕುರಿ ಮೇಯುವ ಹುಲ್ಲಿನಲ್ಲಿ ಸುಮಾರು ಎರಡು ಕಿಲೋಮೀಟರ್ ನಡಿಗೆ. ವಾಹನ ಹೋಗುವುದಿಲ್ಲ. ಟಾಯ್ಲೆಟ್ ಕ್ರಾಸ್ಟರ್‌ನಲ್ಲೇ ಮುಗಿಸಿಕೊಂಡು ಹೊರಡಿ. ರಾಜ 2ನೇ ಎಡ್ವರ್ಡ್ ಜೊತೆ ಜಗಳವಾಡಿಕೊಂಡಿದ್ದ ಲ್ಯಾಂಕಾಸ್ಟರ್‌ನ ಅರ್ಲ್ ಥಾಮಸ್ 1313ರಲ್ಲಿ ಕಟ್ಟಲು ಶುರುಮಾಡಿದ್ದು, 1322ರಲ್ಲಿ ಅವನ ತಲೆಯೇ ಹೋಯಿತು. ಅಷ್ಟು ಹೊತ್ತೂ ನಮ್ಮನೆಯವರು ಅಮ್ಮನ ಜೊತೆ ಕ್ರಾಸ್ಟರ್‌ನಲ್ಲಿ ಉಳಿದರು. ಓಕ್ ಹೊಗೆಯಲ್ಲಿ ಒಣಗಿಸಿದ ಕಿಪ್ಪರ್ ಮೀನು ಅಲ್ಲಿನ ವಿಶೇಷ. ಅವರು ತಿಂದರು, ಅಮ್ಮ ಗಾಳಿ ಬೀಸುವ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕೂತರು.

ಹೋಲಿ ಐಲೆಂಡ್‌ಗೆ ಮಧ್ಯಾಹ್ನ ರಸ್ತೆ ತೆರೆದ ಮೇಲೆ ಹೋದೆವು. 635ರಲ್ಲಿ ಸ್ಕಾಟ್ಲೆಂಡಿನ ಐಯೋನಾ ದ್ವೀಪದಿಂದ ಬಂದ ಸಂತ ಏಡನ್ ಇಲ್ಲಿ ಮಠ ಕಟ್ಟಿದ. 793ರಲ್ಲಿ ವೈಕಿಂಗರು ದೋಚಿದರು. ಈಗ ಕಾಣುವ ಹಾಳು ಗೋಡೆಗಳು ಅದಕ್ಕಿಂತ ಈಚಿನವು, 12ನೇ ಶತಮಾನದ್ದು. ಕೆಂಪು ಮರಳುಗಲ್ಲು, ಗಾಳಿಗೆ ಜೇನುಗೂಡಿನ ಹಾಗೆ ಸವೆದಿದೆ. ಚಾವಣಿಯೆಲ್ಲ ಬಿದ್ದುಹೋಗಿ, ಒಂದೇ ಒಂದು ಕಮಾನು ಗಾಳಿಯಲ್ಲಿ ತೆಳ್ಳಗೆ ಉಳಿದಿದೆ. ಅಪ್ಪ ಅದರ ಕೆಳಗೆ ನಿಂತು, "ಇದು ಹೆಂಗೆ ನಿಂತಿದೆಯಮ್ಮ?" ಅಂತ ಸುಮಾರು ಹೊತ್ತು ನೋಡಿದರು. ಇಲ್ಲಿ ಬರೆದ ಪ್ರಸಿದ್ಧ ಸುವಾರ್ತೆ ಗ್ರಂಥದ ಮೂಲಪ್ರತಿ ಇರುವುದು ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿ, ಇಲ್ಲಿ ಹುಡುಕಬೇಡಿ.

ದ್ವೀಪದ ತುದಿಯ ಕೋಟೆಗೆ ಈ ಮಠದ ಕಲ್ಲನ್ನೇ ಬಳಸಿದ್ದರು. ಆ ಹಳೇ ಕೋಟೆಯನ್ನು 1900ರ ಆರಂಭದ ವರ್ಷಗಳಲ್ಲಿ ವಾಸದ ಮನೆಯಾಗಿ ಮಾರ್ಪಡಿಸಿದ್ದು ಎಡ್ವಿನ್ ಲುಟ್ಯೆನ್ಸ್, ಆಮೇಲೆ ದೆಹಲಿಯಲ್ಲಿ ರಾಷ್ಟ್ರಪತಿ ಭವನ ಕಟ್ಟಿದ ಅದೇ ಲುಟ್ಯೆನ್ಸ್. ಮೇಲೆ ಹತ್ತುವ ಕಲ್ಲುದಾರಿ ಕಡಿದು. ಅಮ್ಮ ಕೆಳಗೇ ಉಳಿದು, ಹಳೇ ದೋಣಿಗಳನ್ನು ಅರ್ಧಕ್ಕೆ ಕತ್ತರಿಸಿ ಬೋರಲು ಹಾಕಿ ಮಾಡಿದ ಶೆಡ್‌ಗಳನ್ನು ನೋಡುತ್ತಿದ್ದರು.

ಒಂದು ದಿನವನ್ನು ಯಾವ ಯೋಜನೆಯೂ ಇಲ್ಲದೆ ಬಿಟ್ಟಿದ್ದು ಬೇಕೆಂದೇ. ಈ ತೀರದಲ್ಲಿ ವಸಂತ, ಬೇಸಿಗೆಯಲ್ಲಿ ಫ್ರೆಟ್ ಅನ್ನುವ ಮಂಜು ಬರುತ್ತದೆ. ಬೆಚ್ಚನೆ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾದು ಮಂಜಾಗಿ ದಡಕ್ಕೆ ತೂರಿಕೊಳ್ಳುತ್ತದೆ. ಬೀಚಿನಲ್ಲಿ ಹತ್ತಡಿ ಆಚೆ ಕಾಣುವುದಿಲ್ಲ, ಅದೇ ಕೆಲವು ಮೈಲಿ ಒಳಗೆ ಹೋದರೆ ಚುರುಗುಟ್ಟುವ ಬಿಸಿಲು. ಅಂಥ ದಿನಕ್ಕೆ ಒಳನಾಡಿನ ಆನಿಕ್ ಪಟ್ಟಣ ಇಟ್ಟುಕೊಳ್ಳಿ. ಅಲ್ಲಿಯೂ ದೊಡ್ಡ ಕೋಟೆ ಇದೆ, ಆದರೆ ನಾವು ಹೊತ್ತು ಕಳೆದದ್ದು ಹಳೇ ರೈಲು ನಿಲ್ದಾಣದಲ್ಲಿರುವ ಬಾರ್ಟರ್ ಬುಕ್ಸ್ ಅನ್ನುವ ಹಳೇ ಪುಸ್ತಕದಂಗಡಿಯಲ್ಲಿ. ತಲೆಯ ಮೇಲೆ ಆಟಿಕೆ ರೈಲು ಓಡುತ್ತಿರುತ್ತದೆ.

ಕಾರಿಲ್ಲದವರೂ ಇಲ್ಲಿಗೆ ಬರಬಹುದು. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಆನ್‌ಮೌತ್ ಅಥವಾ ಬೆರಿಕ್‌ಗೆ ನೇರ ರೈಲಿದೆ. ಎಕ್ಸ್18 ಬಸ್ಸು ನ್ಯೂಕ್ಯಾಸಲ್‌ನಿಂದ ಈ ಊರುಗಳನ್ನೆಲ್ಲ ಹಾದು ಹೋಗುತ್ತದೆ. ಹೋಲಿ ಐಲೆಂಡ್‌ಗೆ ಬೆರಿಕ್‌ನಿಂದ ಬಸ್ಸು, ಆದರೆ ಎಲ್ಲ ದಿನವೂ ಇಲ್ಲ. ಅದರ ವೇಳಾಪಟ್ಟಿಯೂ ಉಬ್ಬರವಿಳಿತದ ಪ್ರಕಾರ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ರೈಲು ಟಿಕೆಟ್ ತೆಗೆಯುವ ಮೊದಲು ಆ ಬಸ್ಸಿನ ದಿನ ನೋಡಿಕೊಳ್ಳಿ.