ಹಿಂದುಮುಂದಾದ ಕಥೆಗೆ ವಿಮರ್ಶೆ ಬರೆಯುವಾಗ

ಕ್ರೈಮ್ ಸಿನಿಮಾಗಳಿಗೆ ವಿಮರ್ಶೆ ಬರೆಯುತ್ತಾ ಬಂದು ಸುಮಾರು ವರ್ಷಗಳಾದವು. ಕಥೆ ನೇರವಾಗಿ ಸಾಗಿದರೆ ಅಂಥ ಕಷ್ಟವೇನಿಲ್ಲ. ಕೊಲೆ ಮಾಡಿದವನು ಯಾರು ಅನ್ನೋದೊಂದನ್ನು ಮುಚ್ಚಿಟ್ಟು ಉಳಿದದ್ದನ್ನು ಧಾರಾಳವಾಗಿ ಬರೆಯಬಹುದು. ತಲೆ ತಿನ್ನುವುದು ಇನ್ನೊಂದು ಜಾತಿಯ ಸಿನಿಮಾ. ನಾಲ್ಕಾರು ಜನರ ಕಥೆ ಒಂದರೊಳಗೊಂದು ಸಿಕ್ಕು ಹಾಕಿಕೊಂಡಿರುತ್ತದೆ. ಮೊದಲು ನಡೆದದ್ದು ಕೊನೆಗೆ ಬರುತ್ತದೆ. ಸತ್ತವನು ಅರ್ಧ ಗಂಟೆ ಬಿಟ್ಟು ಎದ್ದು ಬಂದು ಜೋಕು ಹೇಳುತ್ತಾನೆ.

ಇಂಥದ್ದನ್ನು ನೋಡಿ ಬಂದವರು ಹೇಳುವುದು ಎರಡೇ ಮಾತು. ‘ಏನೂ ಅರ್ಥ ಆಗಲಿಲ್ಲ’, ಇಲ್ಲವೇ ‘ಏನ್ ಸ್ಕ್ರೀನ್‌ಪ್ಲೇ ಗುರೂ!’ ಇವೆರಡೂ ವಿಮರ್ಶೆ ಅಲ್ಲ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದೇ ಕಥೆಯನ್ನು ಸಾಲಾಗಿ ಹೇಳಿದ್ದರೆ ಏನು ಕೈತಪ್ಪಿ ಹೋಗುತ್ತಿತ್ತು? ಉತ್ತರ ಸಿಕ್ಕಿದರೆ ವಿಮರ್ಶೆ ಅರ್ಧ ಮುಗಿದಂತೆ. ಸಿಗದಿದ್ದರೆ ಅದೇ ವಿಮರ್ಶೆ.

ಮೊದಲ ಸಲ ನೋಡುವಾಗ ಕಥೆಯ ಲೆಕ್ಕ ಇಡುವುದಿಲ್ಲ. ಎಲ್ಲಿ ನಗು ಬಂತು, ಎಲ್ಲಿ ಗೊಂದಲವಾಯಿತು, ಎಲ್ಲಿ ಮೊಬೈಲ್ ನೋಡಬೇಕು ಅನಿಸಿತು, ಇಷ್ಟು ನೆನಪಿಟ್ಟುಕೊಳ್ಳುತ್ತೇನೆ. ಯಾಕಂದ್ರೆ ಆ ಗೊಂದಲ ಎರಡನೇ ಸಲ ಸಿಗುವುದಿಲ್ಲ. ಓದುಗರು ಸಿನಿಮಾಕ್ಕೆ ಹೋಗುವುದು ಮೊದಲ ಸಲಕ್ಕೆ ತಾನೇ?

ಎರಡನೇ ಸಲಕ್ಕೆ ನೋಟ್‌ಬುಕ್ ತೆರೆಯುತ್ತೇನೆ. ಎಡಕ್ಕೆ ತೆರೆಯ ಮೇಲೆ ಬಂದ ಕ್ರಮ, ಬಲಕ್ಕೆ ನಿಜವಾಗಿ ನಡೆದ ಕ್ರಮ. ಬಲಗಡೆಯದನ್ನು ತುಂಬಲು ಸುಳಿವು ಬೇಕು. ಮಾತಿಗಿಂತ ಜಾಸ್ತಿ ಸಹಾಯಕ್ಕೆ ಬರುವುದು ಬಟ್ಟೆ, ಗಾಯ, ಮತ್ತೆ ಮತ್ತೆ ಬರುವ ದೃಶ್ಯ.

1994ರ ‘ಪಲ್ಪ್ ಫಿಕ್ಷನ್’ ಇದಕ್ಕೆ ಒಳ್ಳೆಯ ಪಾಠ. (ನೋಡದೇ ಇದ್ದವರು ಇಲ್ಲಿಗೇ ನಿಲ್ಲಿಸಿ, ಗುಟ್ಟೆಲ್ಲ ಬಿಟ್ಟುಕೊಡಲಿದ್ದೇನೆ. ಮೂವತ್ತು ವರ್ಷ ದಾಟಿದ ಸಿನಿಮಾ, ಕ್ಷಮೆ ಇದೆ ಅಂದುಕೊಳ್ಳುತ್ತೇನೆ.) ವಿನ್ಸೆಂಟ್ ಮತ್ತು ಜೂಲ್ಸ್ ಇಬ್ಬರು ಬಾಡಿಗೆ ಕೊಲೆಗಾರರು. ಕಪ್ಪು ಸೂಟು, ಕಪ್ಪು ಟೈ. ಆದರೆ ಅವರು ಬಾಸ್‌ನ ಬಾರಿಗೆ ಬರುವ ಹೊತ್ತಿಗೆ ಟೀ ಶರ್ಟು, ಚಡ್ಡಿಯಲ್ಲಿದ್ದಾರೆ. ಸುಮ್ನೆ ತಮಾಷೆಗೆ ಅನಿಸುತ್ತದೆ. ಕಾರಣ ಗೊತ್ತಾಗುವುದು ಸಿನಿಮಾದ ಕೊನೆಯ ಭಾಗದಲ್ಲಿ. ಕಾರಿನೊಳಗೆ ಗುಂಡು ಹಾರಿ, ಮೈಯೆಲ್ಲ ರಕ್ತವಾಗಿ, ಸ್ನೇಹಿತನ ಮನೆಯಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡು ಹೊರಟಿರುತ್ತಾರೆ. ಬಟ್ಟೆಯೊಂದನ್ನೇ ಹಿಡಿದು ಹೋದರೂ ಅರ್ಧ ಕ್ರಮ ಬಿಡಿಸಬಹುದು.

ಶುರುವಿನ ಹೋಟೆಲ್ ದೃಶ್ಯವೂ ಹಾಗೇ. ಒಂದು ಜೋಡಿ ಅಲ್ಲಿ ದರೋಡೆ ಮಾಡುವ ಯೋಚನೆಯಲ್ಲಿದೆ. ಅವರ ಹಿಂದೆ, ಅದೇ ಚಡ್ಡಿಯಲ್ಲಿ, ವಿನ್ಸೆಂಟ್ ಬಾತ್‌ರೂಮ್ ಕಡೆ ನಡೆದುಹೋಗುತ್ತಾನೆ. ಮೊದಲ ಸಲ ಯಾರಿಗೂ ಕಾಣುವುದಿಲ್ಲ, ಕಂಡರೂ ಅವನು ಯಾರು ಅಂತ ಆಗಿನ್ನೂ ಗೊತ್ತಿರುವುದಿಲ್ಲ. ಇನ್ನೊಂದು ಇದೆ. ಆ ಜೋಡಿಯಲ್ಲಿ ಹೆಂಗಸು ಗನ್ ಹಿಡಿದು ಕೂಗುವ ಮಾತು ಶುರುವಿನಲ್ಲಿ ಒಂದು ಥರ, ಕೊನೆಯಲ್ಲಿ ಅದೇ ಗಳಿಗೆ ಮತ್ತೆ ಬಂದಾಗ ಸ್ವಲ್ಪ ಬೇರೆ ಥರ ಇದೆ. ಬೇಕಂತಲೇ ಮಾಡಿದ್ದೋ ಅಲ್ಲವೋ, ನನಗಂತೂ ಅದು ಇಷ್ಟ. ಒಂದೇ ಕ್ಷಣ, ಕೇಳಿದವರು ಬೇರೆ ಬೇರೆ.

ಸರಿ, ಬಲಗಡೆಯ ಸಾಲು ತುಂಬಿತು. ಈಗ ಸಿನಿಮಾವನ್ನು ಅದೇ ಕ್ರಮದಲ್ಲಿ ಮನಸ್ಸಿನಲ್ಲೇ ಓಡಿಸಿ ನೋಡುತ್ತೇನೆ. ಹಾಗೆ ನೋಡಿದರೆ ಇದು ಬಾಕ್ಸರ್ ಬುಚ್ ಗೆಳತಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ಪರಾರಿಯಾಗುವುದರೊಂದಿಗೆ ಮುಗಿಯುತ್ತದೆ. ಒಳ್ಳೆಯ ಆಕ್ಷನ್ ಸಿನಿಮಾದ ಕೊನೆ. ಆದರೆ ತೆರೆಯ ಮೇಲೆ ಮುಗಿಯುವುದು ಹೋಟೆಲಿನಲ್ಲಿ. ಬೆಳಿಗ್ಗೆ ಒಬ್ಬ ಹತ್ತಿರದಿಂದಲೇ ಹಾರಿಸಿದ ಗುಂಡುಗಳು ತನಗೆ ತಾಗದೇ ಹೋದದ್ದು ದೇವರ ಪವಾಡ, ಇನ್ನು ಈ ಕಸುಬು ಸಾಕು ಅನ್ನುತ್ತಾನೆ ಜೂಲ್ಸ್. ಅದೃಷ್ಟ ಅಷ್ಟೇ ಅಂತ ವಿನ್ಸೆಂಟ್ ಅವನನ್ನು ಕಿಚಾಯಿಸುತ್ತಾನೆ. ಆ ಹೊತ್ತಿಗೆ ವಿನ್ಸೆಂಟ್ ಬುಚ್‌ನ ಕೈಯಲ್ಲಿ ಸಾಯುವುದನ್ನು ನಾವು ನೋಡಿ ಆಗಿದೆ. ಅವನ ಒಂದೊಂದು ತಮಾಷೆಯೂ ನಮಗೆ ಬೇರೆ ಥರ ಕೇಳಿಸುತ್ತದೆ. ಸಾಲಾಗಿ ಹೇಳಿದ್ದರೆ ಇದು ಇಬ್ಬರು ಗೆಳೆಯರ ಹರಟೆಯಾಗುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಇದು. ಇಷ್ಟನ್ನು ಬರೆದ ಮೇಲೆ ‘ಅದ್ಭುತ ನಿರೂಪಣೆ’ ಅಂತ ಬರೆಯುವ ಅಗತ್ಯವೇ ಇಲ್ಲ.

ಎಲ್ಲ ಸಿನಿಮಾಗಳೂ ಇದೇ ಕಾರಣಕ್ಕೆ ಕ್ರಮ ಕೆಡಿಸುವುದಿಲ್ಲ. ನಿರ್ದೇಶಕ ಕ್ಯೂಬ್ರಿಕ್ 1956ರಲ್ಲೇ ‘ದಿ ಕಿಲ್ಲಿಂಗ್’ ಮಾಡಿದ್ದರು. ಕುದುರೆ ರೇಸಿನ ಹಣ ದೋಚುವ ಕಥೆ. ಒಬ್ಬೊಬ್ಬನ ಕೆಲಸವನ್ನೂ ಬೇರೆ ಬೇರೆಯಾಗಿ ತೋರಿಸಿ, ಗಡಿಯಾರ ಹಿಂದಕ್ಕೆ ತಿರುಗಿಸಿ, ಮತ್ತೆ ಅದೇ ರೇಸಿಗೆ ಬರುತ್ತಾರೆ. ಗಂಟೆ ಎಷ್ಟು ಅಂತ ಒಂದು ಧ್ವನಿ ಹೇಳುತ್ತಿರುತ್ತದೆ. ಅಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ, ಇರುವುದು ಪ್ಲಾನಿನ ಬಿಗಿ. ನಿರ್ದೇಶಕ ಇನ್ಯಾರಿತು ಅವರ ‘ಅಮೋರೆಸ್ ಪೆರ್ರೋಸ್’ (2000) ಮೆಕ್ಸಿಕೋ ನಗರದ ಒಂದು ಕಾರು ಅಪಘಾತಕ್ಕೆ ಮತ್ತೆ ಮತ್ತೆ ಮರಳುತ್ತದೆ. ಪ್ರತಿ ಸಲವೂ ಆ ಕಾರುಗಳಲ್ಲಿ ಅಥವಾ ರಸ್ತೆ ಪಕ್ಕದಲ್ಲಿ ಇದ್ದವರಲ್ಲಿ ಇನ್ನೊಬ್ಬರು ನಮಗೆ ಪರಿಚಯವಾಗಿರುತ್ತಾರೆ. ಅದೇ ಡಿಕ್ಕಿ, ನೋವು ಮಾತ್ರ ಜಾಸ್ತಿ. ನಮ್ಮ ‘ಉಳಿದವರು ಕಂಡಂತೆ’ (2014) ನೋಡಿದರೆ ಅಲ್ಲಿ ಮುಖ್ಯ ಯಾವಾಗ ಅನ್ನೋದಲ್ಲ, ಯಾರು ಹೇಳುತ್ತಿದ್ದಾರೆ ಅನ್ನೋದು. ಈ ನಾಲ್ಕನ್ನೂ ‘ನಾನ್ ಲೀನಿಯರ್’ ಅನ್ನುವ ಒಂದೇ ಡಬ್ಬಕ್ಕೆ ಹಾಕಿದರೆ ಓದುಗರಿಗೆ ಏನೂ ಹೇಳಿದ ಹಾಗಾಗಲಿಲ್ಲ.

ಬರೆಯಲು ಕೂತಾಗ ಸಾರಾಂಶದ ಆಸೆ ಬಿಡುತ್ತೇನೆ. ಹತ್ತು ಹೆಸರು, ಆರು ತಿರುವು ಒಂದೇ ಪ್ಯಾರಾದಲ್ಲಿ ತುರುಕಿದರೆ ಬರೆದವನಿಗೇ ಅರ್ಥವಾಗುವುದಿಲ್ಲ. ಒಬ್ಬ ಪಾತ್ರವನ್ನು ಹಿಡಿದುಕೊಳ್ಳುತ್ತೇನೆ, ಅವನ ಮೊದಲ ಕಾಲುಗಂಟೆ ಮಾತ್ರ ಹೇಳುತ್ತೇನೆ. ಉಳಿದವರು ಅವನ ದಾರಿಗೆ ಅಡ್ಡ ಬರುತ್ತಾರೆ ಅಂದರೆ ಸಾಕು. ಇಲ್ಲಿ ಇನ್ನೊಂದು ಅಪಾಯ ಇದೆ. ಇಂಥ ಸಿನಿಮಾದಲ್ಲಿ ಏನಾಯಿತು ಅನ್ನೋದಷ್ಟೇ ಗುಟ್ಟಲ್ಲ, ಯಾವುದು ಮೊದಲು ಆಯಿತು ಅನ್ನೋದೂ ಗುಟ್ಟೇ. ‘ಎರಡನೇ ಕಥೆ ನಿಜವಾಗಿ ಮೊದಲನೆಯದು’ ಅಂತ ಬಾಯಿ ಬಿಟ್ಟರೆ ಮುಗೀತು.

ಬೈಯಬೇಕಾದಾಗ ನಾನು ಮೊದಲು ನೋಡುವುದು ಬಿಡಿ ಭಾಗಗಳನ್ನು. ಒಂದು ಎಳೆಯನ್ನು ಹೊರಗೆ ತೆಗೆದು ಕಿರುಚಿತ್ರದಂತೆ ನೋಡಿ. ಆಗಲೂ ಅದು ನಿಲ್ಲುತ್ತದೆಯೇ? ‘ಪಲ್ಪ್ ಫಿಕ್ಷನ್’ನಲ್ಲಿ ಬಾಸ್‌ನ ಹೆಂಡತಿ ಮಿಯಾ ಜೊತೆ ವಿನ್ಸೆಂಟ್ ಕಳೆಯುವ ಸಂಜೆ ನಿಲ್ಲುತ್ತದೆ. ಎಷ್ಟೋ ಸಿನಿಮಾಗಳಲ್ಲಿ ನಿಲ್ಲುವುದಿಲ್ಲ. ಕಥೆ ತೆಳು ಅಂತ ಗೊತ್ತಾಗದಿರಲಿ ಎಂದೇ ಎಡಿಟಿಂಗ್ ಟೇಬಲ್ಲಿನಲ್ಲಿ ಕಲಸಿರುತ್ತಾರೆ. ಇನ್ನೂ ಸಿಟ್ಟು ಬರುವುದು ಕಾಕತಾಳೀಯಕ್ಕೆ. ಎಳೆಗಳು ಸೇರಲೇಬೇಕು ಅಂತ ಸಂಬಂಧವಿಲ್ಲದ ಎಲ್ಲರನ್ನೂ ಕ್ಲೈಮ್ಯಾಕ್ಸಿಗೆ ಒಂದೇ ಗೋಡೌನಿಗೆ ತಂದು ನಿಲ್ಲಿಸುತ್ತಾರೆ. ಬಾಸ್‌ಗೆ ಮೋಸ ಮಾಡಿ ತಲೆ ತಪ್ಪಿಸಿಕೊಂಡಿರುವ ಬುಚ್ ಸಿಗ್ನಲ್ಲಿನಲ್ಲಿ ನಿಂತಾಗ ಅದೇ ಬಾಸ್ ಎದುರಿಗೇ ರಸ್ತೆ ದಾಟುವುದೂ ಕಾಕತಾಳೀಯವೇ. ಆದರೆ ಅದು ಬುಚ್‌ನ ಕಷ್ಟ ಹೆಚ್ಚಿಸುತ್ತದೆ, ಬಿಡಿಸುವುದಿಲ್ಲ. ಹಾಗಾಗಿ ಒಪ್ಪಿಕೊಳ್ಳುತ್ತೇವೆ.

ಬಿಡುಗಡೆಯ ದಿನವೇ ಬರೆದು ಕೊಡಬೇಕಾದಾಗ ಎರಡನೇ ಸಲ ನೋಡಲು ಪುರುಸೊತ್ತಿರುವುದಿಲ್ಲ. ಆಗ ಇಂಟರ್ವಲ್‌ನಲ್ಲಿ ಕೂತು, ಅಲ್ಲಿಯವರೆಗಿನ ದೃಶ್ಯಗಳನ್ನು ಒಂದೊಂದು ಪದದಲ್ಲಿ ಗೀಚಿಕೊಳ್ಳುತ್ತೇನೆ: ‘ಕೆಂಪು ಶರ್ಟು’, ‘ಕೈಗೆ ಪಟ್ಟಿ’, ‘ಮಳೆ’. ಕ್ರಮದ ಬಗ್ಗೆ ಖಚಿತವಿಲ್ಲದ್ದನ್ನು ಬರೆಯುವುದಿಲ್ಲ. ನಟನೆ, ಸಂಭಾಷಣೆ, ಆ ಒಂದು ಪಾತ್ರ, ಇಷ್ಟಕ್ಕೇ ಸೀಮಿತ. ಸ್ಟಾರ್ ಎಷ್ಟು ಅಂತ ಕೇಳಿದರೆ ಅಂಥ ದಿನ ಅರ್ಧ ಕಡಿಮೆಯೇ ಕೊಡುತ್ತೇನೆ.